ಮರ್ಯಾದೆ ಇಂಚು

ನಲವತ್ತು ವರ್ಷದಲ್ಲಿ ಟೈಲರ್ ಮಾಸ್ಟರ್ ಒಬ್ಬನೇ ಒಬ್ಬ ಗಿರಾಕಿಯ ಸೊಂಟದ ನಿಜವಾದ ಅಳತೆಯನ್ನು ಬಾಯಿಬಿಟ್ಟು ಹೇಳಿದ್ದಿಲ್ಲ. ಹೇಳಿದ್ದರೆ ಅಂಗಡಿ ಇಷ್ಟು ಕಾಲ ನಡೆಯುತ್ತಲೂ ಇರಲಿಲ್ಲ ಎನ್ನಿ.

ಕಸುಬು ಕಲಿಯುವಾಗ ಒಂದೇ ಒಂದು ಸಲ ಹೇಳಿ ಕೆಟ್ಟಿದ್ದರು. ಒಬ್ಬ ಹೆಡ್‌ಮೇಷ್ಟ್ರು ಪ್ಯಾಂಟಿಗೆ ಅಳತೆ ಕೊಡಲು ಬಂದಿದ್ದರು. ಅವರ ಹಿಂದೆಯೇ ಅವರ ಮೂವರು ಹಳೆಯ ವಿದ್ಯಾರ್ಥಿಗಳು ಸರದಿ ಕಾಯುತ್ತಿದ್ದರು. ಇವರು ಟೇಪು ಸುತ್ತಿ, ಬೀದಿಗೆಲ್ಲ ಕೇಳುವ ಹಾಗೆ, "ನಲವತ್ನಾಲ್ಕು" ಎಂದರು. ಹೆಡ್‌ಮೇಷ್ಟ್ರು ಬಟ್ಟೆ ಮಡಚಿಕೊಂಡು ಇಳಿದು ಹೋದರು, ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಆವತ್ತು ಅಂಗಡಿಯ ಗುರುಗಳು ಇವರನ್ನು ಕೂರಿಸಿಕೊಂಡು, "ನೋಡು, ಟೇಪು ಸುಳ್ಳು ಹೇಳಬಾರದು, ಬಾಯಿ ನಿಜ ಹೇಳಬಾರದು. ಇಷ್ಟು ಗೊತ್ತಿದ್ರೆ ಅರ್ಧ ಕಸುಬು ಬಂತು ಅಂತ ತಿಳ್ಕೊ" ಎಂದಿದ್ದರು.

ಅಲ್ಲಿಂದ ಶುರುವಾದದ್ದು ಮರ್ಯಾದೆ ಇಂಚು. ಐವತ್ತರ ಒಳಗಿನವರಿಗೆ ಒಂದು ಇಂಚು ಕಡಿಮೆ ಹೇಳುವುದು. ಐವತ್ತು ದಾಟಿದರೆ ಎರಡು. ಅರವತ್ತಕ್ಕೆ ಮೂರು, ನಾಲ್ಕು. ಕುರ್ಚಿ ದೊಡ್ಡದಿದ್ದವರಿಗೆ, ಬಿಡದೆ ಬರುವ ಹಳೆಯ ಗಿರಾಕಿಗಳಿಗೆ ಇನ್ನೂ ಧಾರಾಳ, ಎಂಟು ಒಂಬತ್ತಕ್ಕೂ ಹೋಗುವುದುಂಟು. ಎದೆ ಕುಗ್ಗಿದವರಿಗೆ, ಭುಜ ಇಳಿದವರಿಗೆ ಇದೇ ಲೆಕ್ಕ ತಿರುಗಾಮುರುಗಾ, ಅಲ್ಲಿ ಒಂದಿಷ್ಟು ಸೇರಿಸಿ ಹೇಳುವುದು. ಮಾಸ್ಟರ್ ಬಾಯಲ್ಲಿ ಬಂದದ್ದನ್ನು ಹೆಂಡತಿ ಕಾಜ ಹಾಕುವುದನ್ನು ನಿಲ್ಲಿಸಿ ಅಳತೆ ಪುಸ್ತಕದಲ್ಲಿ ಬರೆದುಕೊಳ್ಳುವಳು. ಗಿರಾಕಿ ಮೆಟ್ಟಿಲು ಇಳಿಯುತ್ತಿದ್ದ ಹಾಗೆ ಮಾಸ್ಟರ್ ಬಟ್ಟೆ ಹಾಸಿ, ತಲೆಯಲ್ಲಿದ್ದ ನಿಜವಾದ ಅಳತೆಗೆ ಸೀಮೆಸುಣ್ಣದ ಗೆರೆ ಎಳೆದುಬಿಡುವರು. ಪ್ಯಾಂಟು ಮೈಗೆ ಕೂರುತ್ತಿತ್ತು, ಅಂಕಿ ಮನಸ್ಸಿಗೆ ಕೂರುತ್ತಿತ್ತು. ಯಾರಿಗೂ ನಷ್ಟವಿರಲಿಲ್ಲ.

ಗಿರಾಕಿಗಳಿಗಂತೂ ಇದರ ಸುಳಿವೇ ಇಲ್ಲ. "ರೆಡಿಮೇಡ್ ಅಂಗಡಿಯವರು ಮಹಾ ಮೋಸಗಾರರು ಮಾಸ್ಟರ್" ಎಂದು ವಕೀಲರು ವರ್ಷಕ್ಕೆ ಎರಡು ಸಲವಾದರೂ ಅನ್ನುವರು. "ಮೂವತ್ನಾಲ್ಕು ಅಂತ ಚೀಟಿ ಅಂಟಿಸಿರ್ತಾರೆ, ತೊಡೆ ಮೇಲಕ್ಕೇ ಹತ್ತಲ್ಲ." ಮಾಸ್ಟರ್ ಟೇಪನ್ನು ಕತ್ತಿಗೆ ಹಾಕಿಕೊಂಡು, "ಕಲಿಕಾಲ ಸಾರ್" ಎನ್ನುವರು.

ಹೀಗೆ ಎಲ್ಲರೂ ಸುಖವಾಗಿದ್ದ ಕಾಲಕ್ಕೆ ಅವರ ಮಗಳು ಅಳತೆ ಪುಸ್ತಕಗಳನ್ನು ಕಂಡುಹಿಡಿದಳು.

ಮಗಳು ವಿಜ್ಞಾನಿ. ಮುಪ್ಪನ್ನು ನಿಧಾನ ಮಾಡುವುದು ಹೇಗೆ ಎನ್ನುವುದು ಅವಳ ಸಂಶೋಧನೆ. "ಸಾವಿಗೆ ಔಷಧಿ ಹುಡುಕ್ತಿದ್ದೀಯಾ" ಎಂದು ಯಾರಾದರೂ ಕೇಳಿದರೆ ಅವಳಿಗೆ ಸಿಟ್ಟು ಬರುತ್ತಿತ್ತು. "ತೊಂಬತ್ತು ವರ್ಷ ಬದುಕಿ ಕೊನೇ ಹದಿನೈದು ವರ್ಷ ಹಾಸಿಗೆ ಮೇಲೆ ಇದ್ರೆ ಏನು ಬಂತು? ಆ ಹದಿನೈದನ್ನ ಎರಡಕ್ಕೋ ಮೂರಕ್ಕೋ ಇಳಿಸಬೇಕು, ಅದು ನಮ್ಮ ಕೆಲಸ" ಎನ್ನುವಳು. ಆರು ವರ್ಷ ಹುಳ ಸಾಕಿದಳು, ಇಲಿ ಸಾಕಿದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಇವಳು ಹೆರದಿದ್ದರೂ ಆ ಇಲಿಗಳು ಅಷ್ಟೇ ಮುದ್ದು. ಏನು ಮಾಡಿದರೂ ಅವು ಸಾಯಬೇಕಾದ ಹೊತ್ತಿಗೆ ಸರಿಯಾಗಿ ಸಾಯುತ್ತಿದ್ದವು. ಸಂಸ್ಥೆಯವರು ಇನ್ನೊಂದು ವರ್ಷ ನೋಡಿ ಯೋಜನೆ ಮುಚ್ಚುತ್ತೇವೆ ಎಂದಿದ್ದರು. ಅವಳಿಗೆ ಬೇಕಾಗಿದ್ದದ್ದು ಮನುಷ್ಯರ ಅಂಕಿಅಂಶ: ಅದೇ ಜನ, ವರ್ಷ ವರ್ಷವೂ ಅಳೆದದ್ದು, ಮೂವತ್ತು ವರ್ಷದ್ದು. ಅಂಥದ್ದು ಎಲ್ಲಿ ಸಿಗಬೇಕು?

ಹೊಲಿಗೆ ಅಂಗಡಿಯ ಅಟ್ಟದ ಮೇಲೆ ಸಿಕ್ಕಿತು. ಮೂವತ್ತೆಂಟು ಪುಸ್ತಕ, ಒಂದೊಂದೂ ಇಟ್ಟಿಗೆ ದಪ್ಪ. ಹೆಸರು, ತಾರೀಖು, ಆರ್ಡರ್ ನಂಬರು, ಎದೆ, ಸೊಂಟ, ಭುಜ, ಉದ್ದ.

ಚಿಕ್ಕಂದಿನಲ್ಲಿ ಈ ಅಂಗಡಿಗೆ ಬಾ ಎಂದರೆ ಮೂಗು ಮುರಿಯುತ್ತಿದ್ದ ಹುಡುಗಿ ಅವಳು. ಶಾಲೆಯ ಫಾರಂನಲ್ಲಿ ತಂದೆಯ ಉದ್ಯೋಗ ಎಂಬಲ್ಲಿ 'ವ್ಯಾಪಾರ' ಎಂದು ಬರೆದುಕೊಂಡು ಬಂದಿದ್ದಳು. ಮಾಸ್ಟರ್ ನೋಡಿಯೂ ನೋಡದ ಹಾಗೆ ಸಹಿ ಹಾಕಿದ್ದರು. ಈಗ ಅದೇ ಮಗಳು ಧೂಳು ಹಿಡಿದ ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, "ಅಪ್ಪ, ಇಂಥ ದಾಖಲೆ ಜಗತ್ತಿನಲ್ಲಿ ಯಾರ ಹತ್ರಾನೂ ಇರಲಿಕ್ಕಿಲ್ಲ. ಎಷ್ಟು ಶಿಸ್ತಾಗಿ ಬರೆಸಿದ್ದೀಯ" ಎಂದಳು. ಆ ಮಾತು ಕೇಳಲು ಮಾಸ್ಟರ್ ನಲವತ್ತು ವರ್ಷ ಕಾದಿದ್ದರು. ಆ ಹೊತ್ತಿನಲ್ಲಿ ಮರ್ಯಾದೆ ಇಂಚಿನ ವಿಷಯ ಬಾಯಿಗೆ ಬರಲಿಲ್ಲ. ಅವಳು ಪುಸ್ತಕಗಳನ್ನು ಕಾರಿಗೆ ತುಂಬಿಕೊಂಡು ಹೋದ ಮೇಲೆ ಬಂತು, ಆಗ ಏನು ಪ್ರಯೋಜನ?

ಎರಡು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಮಗಳು ಮೆಟ್ಟಿಲನ್ನು ಎಣಿಸುತ್ತಾ ಹತ್ತಿ ಬಂದಳು. "ಇಪ್ಪತ್ತಾರು" ಎಂದು ಚೀಟಿಯಲ್ಲಿ ಬರೆದುಕೊಂಡಳು. ಆಮೇಲೆ ಮೂಲೆಯ ಹೂಜಿಯಿಂದ ಒಂದು ಬಾಟಲಿ ನೀರು ತುಂಬಿ ಬಿಗಿಯಾಗಿ ಮುಚ್ಚಳ ಹಾಕಿದಳು.

"ಏನಮ್ಮ ಇದು?" ಎಂದರು ಮಾಸ್ಟರ್.

"ಅಪ್ಪ, ನಿನ್ನ ಗಿರಾಕಿಗಳಿಗೆ ವಯಸ್ಸೇ ಆಗ್ತಿಲ್ಲ."

ಮಾಸ್ಟರ್ ಕೈಯಲ್ಲಿದ್ದ ಕತ್ತರಿ ಹಾಗೇ ನಿಂತಿತು.

"ನಿಜ ಹೇಳ್ತಿದ್ದೀನಿ. ಎಲ್ಲ ಕಡೆ ಐವತ್ತಾದ ಮೇಲೆ ಸೊಂಟ ಏರುತ್ತೆ, ಎದೆ ಇಳಿಯುತ್ತೆ, ಭುಜ ಕುಗ್ಗುತ್ತೆ. ನಿನ್ನ ಪುಸ್ತಕದಲ್ಲಿ ಗೆರೆ ಎಳೆದ ಹಾಗೆ ನೇರ ಹೋಗ್ತಿದೆ. ಹೆಸರು ನೋಡಬಾರದು ಅಂತ ನಮ್ಮಲ್ಲಿ ನಿಯಮ, ಎಲ್ಲರಿಗೂ ನಂಬರ್ ಕೊಟ್ಟಿದ್ದೀವಿ. ಎಪ್ಪತ್ತೊಂದನೇ ನಂಬರ್ ಅಂತ ಒಬ್ಬರಿದ್ದಾರೆ. ಮೂವತ್ತೊಂದು ವರ್ಷ, ಅರವತ್ತು ಪ್ಯಾಂಟು, ಸೊಂಟ ಮೂವತ್ನಾಲ್ಕು. ಅರ್ಧ ಇಂಚೂ ಕದಲಿಲ್ಲ. ಕಾರಣ ಈ ಮೆಟ್ಟಿಲೋ, ಈ ನೀರೋ, ಹುಡುಕಬೇಕು. ಅವರನ್ನ ನಾನು ಒಂದು ಸಲ ಕಣ್ಣಾರೆ ನೋಡಬೇಕು."

ಅಷ್ಟರಲ್ಲಿ ಬಾಗಿಲಲ್ಲಿ ಮೊದಲು ಹೊಟ್ಟೆ, ಅದರ ಹಿಂದೆ ವಕೀಲರು ಕಾಣಿಸಿಕೊಂಡರು. ಒಂದು ಪ್ಯಾಂಟನ್ನು ಮೇಜಿನ ಮೇಲಿಟ್ಟು, "ಒಗೆದು ಒಗೆದು ಸ್ವಲ್ಪ ಕುಗ್ಗಿದೆ ಮಾಸ್ಟರ್, ನೋಡಿ" ಎಂದರು. ಮಗಳು ಅವರಿಗೆ ನಮಸ್ಕಾರ ಮಾಡಿ, ಪಕ್ಕಕ್ಕೆ ಸರಿದು ದಾರಿ ಬಿಟ್ಟು, ಎಪ್ಪತ್ತೊಂದನೇ ನಂಬರಿನ ಗ್ರಾಫನ್ನು ಮತ್ತೆ ನೋಡುತ್ತಾ ಕೂತಳು. ಓದಿದವರ ಕಣ್ಣು ಅಂದರೆ ಹೀಗೆ. ಕಾಗದದಲ್ಲಿದ್ದರೆ ಇರುವೆಯೂ ಕಾಣುತ್ತದೆ, ಎದುರಿಗಿದ್ದರೆ ಆನೆಯೂ ಕಾಣುವುದಿಲ್ಲ.

ಮಾಸ್ಟರ್‌ಗೆ ಇದು ಬಾಯಲ್ಲಿಟ್ಟುಕೊಂಡ ಬಿಸಿ ತುಪ್ಪವಾಯಿತು. ಹೇಳಿದರೆ ಮಗಳ ಕಣ್ಣಲ್ಲಿ ಹೊಸದಾಗಿ ಬಂದ ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ ಅವಳು ನಾಲ್ಕು ಜನದ ಮುಂದೆ ಈ ಅಂಕಿಗಳನ್ನು ಇಟ್ಟು, ನಾಳೆ ಯಾರಾದರೂ ಬಂದು ವಕೀಲರ ಹೊಟ್ಟೆಗೆ ಟೇಪು ಸುತ್ತಿ ನೋಡಿ, ಅವಳ ಆರು ವರ್ಷದ ಹೆಸರು ಮಣ್ಣುಪಾಲಾಗುತ್ತದೆ. ಇಷ್ಟೂ ಗೊತ್ತಿದ್ದೂ ಮಾಸ್ಟರ್ ನಾಳೆ ಹೇಳೋಣ ಎಂದುಕೊಂಡರು. ನಾಳೆ ಎನ್ನುವವನ ಮನೆ ಹಾಳು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಅವರೇ ಬಟ್ಟೆ ಕೇಳಲು ಬಂದವರಿಗೆ ದಿನವೂ ನಾಳೆ ಎನ್ನುತ್ತಿದ್ದವರು.

ಆ ನಾಳೆಯ ದಿನ ಮಗಳು ತನ್ನ ದೊಡ್ಡ ಸಾಹೇಬರನ್ನೇ ಕರೆದುಕೊಂಡು ಬಂದಳು. ಸಾಹೇಬರು ಇಡೀ ಸಂಸ್ಥೆಯ ಮುಖ್ಯಸ್ಥರು. ಇಪ್ಪತ್ತಾರು ಮೆಟ್ಟಿಲು ಹತ್ತುವಷ್ಟರಲ್ಲಿ ನಾಲ್ಕು ಕಡೆ ನಿಂತರು. ಹೂಜಿಯ ನೀರು ಎರಡು ಲೋಟ ಕುಡಿದರು. ಬೆಂಚಿನ ಮೇಲೆ ಕೂತು ಕಿಟಕಿಯ ಗಾಳಿಯನ್ನು ಆಳವಾಗಿ ಎಳೆದುಕೊಂಡರು. "ಇಲ್ಲಿ ಏನೋ ಇದೆ" ಎಂದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಓದಿದವರಲ್ಲೂ ಇರುತ್ತಾರೆ.

ಆಮೇಲೆ ಎದ್ದು ನಿಂತು, "ಬಂದಿದ್ದೇ ಬಂದೆ, ನನಗೂ ಒಂದು ಪ್ಯಾಂಟು ಹೊಲಿದುಬಿಡಿ ಮಾಸ್ಟರ್" ಎಂದರು.

ಮಾಸ್ಟರ್ ಬೇಡವೆನ್ನುವ ಹಾಗಿರಲಿಲ್ಲ. ಟೇಪು ಸುತ್ತಿದರು. ನಲವತ್ತೆರಡು. ಮಗಳು ಎದುರಿಗೇ ನಿಂತಿದ್ದಾಳೆ, ಹೆಂಡತಿ ಪೆನ್ನು ಹಿಡಿದಿದ್ದಾಳೆ. ಇವತ್ತಾದರೂ ನಿಜ ಹೇಳಿಬಿಡೋಣ ಎಂದು ಮಾಸ್ಟರ್ ಬಾಯಿ ತೆರೆದರು. ನಲವತ್ತು ವರ್ಷದ ಅಭ್ಯಾಸ ಕೇಳಬೇಕಲ್ಲ.

"ಮೂವತ್ತೆಂಟು" ಎಂದಿತು ಬಾಯಿ.

ಸಾಹೇಬರು ಟೇಪಿನ ಸುತ್ತಿನಲ್ಲೇ ಕಲ್ಲಾಗಿ ನಿಂತರು. "ಹೋದ ತಿಂಗಳು ಆಸ್ಪತ್ರೆಯಲ್ಲಿ ನಲವತ್ತೆರಡು ಅಂದಿದ್ರು" ಎಂದರು ಮೆಲ್ಲಗೆ. ಮೆಟ್ಟಿಲ ಕಡೆ ನೋಡಿದರು, ಹೂಜಿಯ ಕಡೆ ನೋಡಿದರು, ಕೊನೆಗೆ ಮಗಳ ಕಡೆ ತಿರುಗಿ, "ಸೋಮವಾರದ ಸಭೆಯಲ್ಲಿ ನೀನೇ ಮೊದಲು ಮಾತಾಡ್ತೀಯ. ಪತ್ರಿಕೆಯವರನ್ನೂ ಕರೀತೀನಿ" ಎಂದರು. ಇಳಿಯುವಾಗ ಒಂದು ಸಲ ಕೆಳಗೆ ಹೋಗಿ, ಸುಮ್ಮನೆ ಮತ್ತೆ ಮೇಲೆ ಬಂದು, ಮತ್ತೆ ಇಳಿದರು.

ಮಗಳು ಸಾಹೇಬರನ್ನು ಕಾರಿನವರೆಗೂ ಬಿಟ್ಟು ಬಂದಳು. ಖುಷಿಗೆ ಅವಳ ಮುಖ ಮಗುವಿನ ಮುಖದ ಹಾಗೆ ಆಗಿತ್ತು. ಆ ಮುಖ ನೋಡಿ ಮಾಸ್ಟರ್‌ಗೆ, ಇನ್ನು ತಡೆದರೆ ತಾನು ತಂದೆಯೇ ಅಲ್ಲ ಎನ್ನಿಸಿತು. ಅವರು ವಕೀಲರು ಬಿಟ್ಟು ಹೋಗಿದ್ದ ಪ್ಯಾಂಟನ್ನು ಮೇಜಿನ ಮೇಲೆ ಹರಡಿ, ಕತ್ತಿನಲ್ಲಿದ್ದ ಟೇಪನ್ನು ಮಗಳ ಕೈಗೆ ಕೊಟ್ಟರು.

"ಇದರ ಸೊಂಟ ಅಳೆ."

ಮಗಳು ಅಳೆದಳು. "ನಲವತ್ಮೂರು. ಯಾರದಪ್ಪ ಇದು?"

"ನಿನ್ನ ಎಪ್ಪತ್ತೊಂದನೇ ನಂಬರಿಂದು."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಮಾಸ್ಟರ್ ನಿಂತುಕೊಂಡೇ ಹೆಡ್‌ಮೇಷ್ಟ್ರಿಂದ ಹಿಡಿದು ಸಾಹೇಬರವರೆಗೂ ಎಲ್ಲವನ್ನೂ ಹೇಳಿದರು. ಹೇಳುವಾಗ ಅವಳ ಮುಖ ನೋಡಲು ಧೈರ್ಯ ಸಾಲದೆ ಇಸ್ತ್ರಿ ಪೆಟ್ಟಿಗೆಯನ್ನು ನೋಡುತ್ತಿದ್ದರು.

"ಎಷ್ಟು ಜನಕ್ಕೆ ಹೀಗೆ ಮಾಡಿದ್ದೀಯ?" ಎಂದಳು ಮಗಳು ಕೊನೆಗೆ.

"ಎಲ್ಲರಿಗೂ."

"ಎಷ್ಟೆಷ್ಟು ಇಂಚು?"

"ಅವರವರ ಯೋಗ್ಯತೆಗೆ ತಕ್ಕ ಹಾಗೆ."

"ಅಪ್ಪ, ಸುಳ್ಳಿಗೂ ಒಂದು ನಿಯಮ ಬೇಡ್ವಾ? ಎಲ್ಲರಿಗೂ ಎರಡೇ ಇಂಚು ಅಂತ ಇಟ್ಕೊಂಡಿದ್ರೆ ನಾನು ಎರಡು ಸೇರಿಸಿ ಸರಿ ಮಾಡ್ಕೊಳ್ತಿದ್ದೆ. ನೀನು ಒಬ್ಬೊಬ್ಬರ ಮುಖ ನೋಡಿ ಸುಳ್ಳು ಹೇಳಿದ್ದೀಯ. ಇದನ್ನ ಯಾವ ಲೆಕ್ಕದಲ್ಲಿ ಸರಿ ಮಾಡಲಿ?" ಮೇಜಿನ ಮೇಲೆ ತಲೆ ಇಟ್ಟು, ವಕೀಲರ ಪ್ಯಾಂಟಿನ ಮೇಲೆಯೇ ಅತ್ತುಬಿಟ್ಟಳು.

ಮಾಸ್ಟರ್ ಏನು ಮಾಡಬೇಕೆಂದು ತಿಳಿಯದೆ ಅವಳ ಪಕ್ಕದಲ್ಲಿ ನಿಂತರು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದರು. ಅವಳ ಬೆನ್ನು ಸವರಲು ಚಾಚಿದ ಕೈಯನ್ನು ಅರ್ಧದಲ್ಲೇ ಹಿಂದಕ್ಕೆ ತೆಗೆದುಕೊಂಡರು.

ಇಷ್ಟು ಹೊತ್ತೂ ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಹೆಂಡತಿ ದಾರ ಕಚ್ಚಿ ಕತ್ತರಿಸಿದಳು. "ಅದಕ್ಯಾಕೆ ಅಳ್ತೀಯ? ನಿಮ್ಮಪ್ಪನ ಬಾಯಿ ಸುಳ್ಳು ಹೇಳಿರಬಹುದು, ಪ್ಯಾಂಟು ಹೇಳಿದ್ಯಾ?" ಎಂದಳು.

ಮಗಳು ತಲೆ ಎತ್ತಿದಳು.

ಹೆಂಡತಿ ಎದ್ದು ಬಂದು ವಕೀಲರ ಪ್ಯಾಂಟನ್ನು ಒಳಮೈ ಹೊರಗೆ ಮಾಡಿ ತಿರುಗಿಸಿದಳು. ಹಿಂಭಾಗದ ಹೊಲಿಗೆಯ ಪಕ್ಕದಲ್ಲಿ, ಒಂದರ ಆಚೆ ಒಂದು, ಬಿಚ್ಚಿದ ಹೊಲಿಗೆಯ ಸಣ್ಣ ಸಣ್ಣ ತೂತಿನ ಸಾಲು ಮೂರಿತ್ತು. "ಇದು ಹೊಸದರಲ್ಲಿ ಹಾಕಿದ್ದು. ಇದು ಮಾರನೇ ವರ್ಷ ಬಿಚ್ಚಿ ದೊಡ್ಡದು ಮಾಡಿದ್ದು. ಇದು ಅದರ ಮಾರನೇ ವರ್ಷದ್ದು. ಬಿಚ್ಚಿದವಳು ನಾನು, ನನಗೆ ಗೊತ್ತಿಲ್ವಾ? ಆರ್ಡರ್ ನಂಬರು ಇಲ್ಲಿ ಸೊಂಟಪಟ್ಟಿಯ ಒಳಗೆ ದಾರದಲ್ಲಿ ಹಾಕಿರ್ತೀನಿ. ನಿನ್ನ ಪುಸ್ತಕದಲ್ಲಿ ತಾರೀಖು ನೋಡ್ಕೊ. ತಾರೀಖು ಬರೆಸೋದ್ರಲ್ಲಿ ನಿಮ್ಮಪ್ಪ ಸುಳ್ಳು ಹೇಳಲ್ಲ. ಬಟ್ಟೆ ಕೊಡೋ ತಾರೀಖಿನಲ್ಲಿ ಮಾತ್ರ ಹೇಳೋದು."

ಮಗಳು ಮೂಗು ಒರೆಸಿಕೊಂಡು ಆ ತೂತಿನ ಸಾಲುಗಳ ಮೇಲೆ ಬೆರಳಾಡಿಸಿದಳು. ಆಮೇಲೆ, "ಜನ ಹಳೇ ಪ್ಯಾಂಟು ಇಟ್ಕೊಂಡಿರ್ತಾರಾ ಅಮ್ಮ?" ಎಂದಳು.

"ಮತ್ತೆ ಸಣ್ಣ ಆಗ್ತೀನಿ ಅಂತ ಗಂಡಸರು ಒಂದನ್ನೂ ಬಿಸಾಕಲ್ಲ."

ಮಾರನೇ ದಿನ ಮಗಳು ಸಾಹೇಬರ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಹೇಳಿ, ಸೋಮವಾರದ ಸಭೆಯಲ್ಲಿ ತನ್ನ ಮಾತು ಬೇಡವೆಂದಳು. ಸಾಹೇಬರು ಕೇಳಿದ ಮೊದಲ ಪ್ರಶ್ನೆ, "ಹಾಗಾದ್ರೆ ನನ್ನ ಮೂವತ್ತೆಂಟು?" "ಅದೂ ಹಾಗೇ ಸಾರ್." ಸಾಹೇಬರು ಕಿಟಕಿಯ ಕಡೆ ತಿರುಗಿ ಒಂದೆರಡು ನಿಮಿಷ ದುಃಖಪಟ್ಟರಂತೆ. ಆಮೇಲೆ ಪ್ಯಾಂಟುಗಳ ಕಥೆ ಕೇಳಿ, ಪತ್ರಿಕೆಯವರಿಗೆ ಫೋನು ಮಾಡಿ ಬರಬೇಡಿ ಎಂದರು. ಮಗಳಿಗೆ ನಾಲ್ಕು ತಿಂಗಳು ಕೊಟ್ಟರು.

ಈಗ ಗಿರಾಕಿಗಳ ಹಳೆಯ ಪ್ಯಾಂಟು ಕೇಳಬೇಕು, ಯಾಕೆಂದು ಹೇಳಬಾರದು. ಮಗಳು ಸಾಮಾನ್ಯವಾಗಿ ಸುಳ್ಳಿಗೆ ಹೇಸುವವಳು. ಎರಡು ದಿನ ಒದ್ದಾಡಿ ಅಂಗಡಿಯ ಬಾಗಿಲಿಗೆ ಒಂದು ಕಾಗದ ಅಂಟಿಸಿದಳು: 'ಹಳೆಯ ಬಟ್ಟೆಗಳ ಅಧ್ಯಯನಕ್ಕೆ ಈ ಅಂಗಡಿಯಲ್ಲಿ ಹೊಲಿಸಿದ ಹಳೆಯ ಪ್ಯಾಂಟು, ಶರ್ಟುಗಳು ಬೇಕಾಗಿವೆ. ಅಳೆದು ಹಿಂತಿರುಗಿಸಲಾಗುವುದು.' ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ ಎಂದು ಅಪ್ಪನಿಗೆ ಮೂರು ಸಲ ಹೇಳಿದಳು. ಮಾಸ್ಟರ್, "ಶುರುವಿನಲ್ಲಿ ನಾನೂ ಒಂದೇ ಇಂಚು ಹೇಳ್ತಿದ್ದೆ" ಎಂದರು. ಅವಳಿಗೆ ನಗು ಬಂತು, ಆದರೂ ನಗಲಿಲ್ಲ. ಅಪ್ಪನ ಮೇಲಿನ ಸಿಟ್ಟು ಇನ್ನೂ ಆರಿರಲಿಲ್ಲ.

ಬಟ್ಟೆ ತಂದವರು ಗಿರಾಕಿಗಳಲ್ಲ, ಅವರ ಹೆಂಡತಿಯರು. ಮೊದಲು ಬಂದವರು ವಕೀಲರ ಹೆಂಡತಿ, ಎರಡು ಚೀಲ ಹೊತ್ತು. ಬೆಂಚಿನ ಮೇಲೆ ಕೂತು ಉಸಿರು ಬಿಟ್ಟು, "ಇದೆಲ್ಲ ಮೂವತ್ನಾಲ್ಕೇ ಕಣಮ್ಮ" ಎಂದು ಮಗಳಿಗೆ ಕಣ್ಣು ಹೊಡೆದರು.

ಮಗಳು ಬೆಚ್ಚಿದಳು. "ನಿಮಗೆ ಗೊತ್ತಾ?"

"ಒಗೆದು ಹಗ್ಗದ ಮೇಲೆ ಹರಡೋದು ಯಾರು ಅನ್ಕೊಂಡೆ? ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಅವರಿಗೆ ಮಾತ್ರ ಹೇಳಬೇಡ. ಮೂವತ್ನಾಲ್ಕು ಅಂದ ದಿನ ಮನೇಲಿ ಎಷ್ಟು ಒಳ್ಳೆಯವರಾಗಿರ್ತಾರೆ ಅಂತೀಯ."

ಮಾಸ್ಟರ್ ಹೊಲಿಗೆ ಯಂತ್ರದ ಹಿಂದೆ ತಲೆ ತಗ್ಗಿಸಿಕೊಂಡು ಇಲ್ಲದ ದಾರವನ್ನು ಸೂಜಿಗೆ ಪೋಣಿಸುತ್ತಿದ್ದರು. ತಾನೊಬ್ಬನೇ ಕಾಪಾಡಿಕೊಂಡು ಬಂದ ಗುಟ್ಟು ಎಂದುಕೊಂಡಿದ್ದರು. ಇಡೀ ಬಡಾವಣೆಯ ಹೆಂಗಸರು ಅದನ್ನು ಹಂಚಿಕೊಂಡು ಕಾಪಾಡಿದ್ದರು.

ಮೂರು ವಾರದಲ್ಲಿ ನಾನೂರ ಹತ್ತು ಪ್ಯಾಂಟು, ಇನ್ನೂರು ಚಿಲ್ಲರೆ ಶರ್ಟು ಬಂತು. ಮಗಳು ಅಂಗಡಿಯಲ್ಲೇ ಕೂತು ಅಳೆಯತೊಡಗಿದಳು. ಗೆರೆ ಈಗ ನೇರವಾಗಿರಲಿಲ್ಲ. ಒಬ್ಬರ ಸೊಂಟ ಐವತ್ತನೇ ವಯಸ್ಸಿಗೇ ಏರಿತ್ತು, ಒಬ್ಬರದು ಎಪ್ಪತ್ತರವರೆಗೂ ಅಲುಗಿರಲಿಲ್ಲ. ಒಬ್ಬರ ಭುಜ ಎರಡೇ ವರ್ಷದಲ್ಲಿ ಒಂದು ಇಂಚು ಕುಸಿದಿತ್ತು. ಯಾಕೆ ಒಬ್ಬರಿಗೆ ಬೇಗ, ಇನ್ನೊಬ್ಬರಿಗೆ ನಿಧಾನ ಎನ್ನುವುದು ಅವಳಿಗೂ ಇನ್ನೂ ಗೊತ್ತಿರಲಿಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಸಿಕ್ಕಿತ್ತು. ಅಷ್ಟಕ್ಕೆ ಯೋಜನೆ ಮುಚ್ಚುವ ಮಾತನ್ನು ಸಾಹೇಬರು ಕೈಬಿಟ್ಟಿದ್ದರು. ಆ ಸುದ್ದಿ ಬಂದ ದಿನ ಮಗಳು ಅಪ್ಪನಿಗೆ ಒಂದು ಲೋಟ ಚಹಾ ತಂದುಕೊಟ್ಟಳು. ಅಷ್ಟರಲ್ಲೇ ಮಾಸ್ಟರ್ ಅರ್ಥಮಾಡಿಕೊಂಡರು.

ಕೊನೆಯ ಚೀಲವನ್ನು ತಂದವಳು ಹೆಂಡತಿ. "ಇವರದೂ ಅಳೆ. ಇವರಿಗೇನು ವಿನಾಯಿತಿ?" ಎಂದು ಮಾಸ್ಟರ್ ಅವರ ಹಳೆಯ ಶರ್ಟುಗಳನ್ನು ಮೇಜಿನ ಮೇಲೆ ಸುರಿದಳು.

"ನಂದು ಬೇಡ ಬಿಡು" ಎಂದರು ಮಾಸ್ಟರ್. ಯಾರೂ ಕೇಳಲಿಲ್ಲ.

ಅವರ ಶರ್ಟನ್ನು ಅವರೇ ಕತ್ತರಿಸಿ ಅವರೇ ಹೊಲಿಯುತ್ತಿದ್ದರು. ಅದಕ್ಕೆ ಅಳತೆ ಕೂಗಿದವರಿಲ್ಲ, ಬರೆದುಕೊಂಡವರಿಲ್ಲ. ಮಗಳು ಒಂದೊಂದಾಗಿ ಭುಜದ ಮೇಲೆ ಟೇಪು ಇಟ್ಟಳು. ಮೊದಲ ಹತ್ತು ಶರ್ಟು ಹದಿನೆಂಟೂವರೆ. ಆಮೇಲೆ ಹದಿನೆಂಟು. ಆಮೇಲೆ ಹದಿನೇಳೂವರೆ. ಅವಳು ಜೋರಾಗಿ ಓದುತ್ತಾ, ಕಾಗದದ ಮೇಲೆ ತಾನೇ ಬರೆದುಕೊಳ್ಳುತ್ತಾ ಹೋದಳು. ಓದುವ ದನಿ ಬರಬರುತ್ತಾ ಸಣ್ಣದಾಯಿತು. ಇಂಥ ಗೆರೆ ಎಲ್ಲಿಗೆ ಹೋಗುತ್ತದೆ ಎನ್ನುವುದು ಆ ಕೋಣೆಯಲ್ಲಿ ಅವಳಿಗಿಂತ ಚೆನ್ನಾಗಿ ತಿಳಿದವರಿರಲಿಲ್ಲ. ಹೋದ ವರ್ಷ ಹೊಲಿದ ನೀಲಿ ಶರ್ಟು ಕೊನೆಯದು. ಟೇಪು ಇಟ್ಟಳು. ಎತ್ತಿ ಮತ್ತೆ ಇಟ್ಟಳು. ಒಂದು ಸಲ ಅಪ್ಪನ ಕಡೆ ನೋಡಿದಳು.

"ಹದಿನೆಂಟು" ಎಂದಳು.

ಹೆಂಡತಿ ತಲೆ ಎತ್ತದೆ, "ಪರವಾಗಿಲ್ವೇ" ಎಂದಳು.

ಮೇಜಿನ ಆಚೆ ಕೂತು ತಲೆಕೆಳಗಾದ ಬರಹ ಓದುವುದು ಮಾಸ್ಟರ್‌ಗೆ ಹಳೆಯ ಅಭ್ಯಾಸ. ಮಗಳ ಕೈ ಕಾಗದದ ಮೇಲೆ ಹದಿನಾರು ಎಂದು ಬರೆಯಿತು. ಆ ಶರ್ಟಿಗೆ ಸೀಮೆಸುಣ್ಣದ ಗೆರೆ ಎಳೆದವರು ಅವರೇ, ಅದು ಹದಿನಾರೇ ಎಂದು ಅವರಿಗೆ ಗೊತ್ತಿತ್ತು. ಮಗಳಿಗೆ ಭಯವಾಗಿದೆ ಎನ್ನುವುದೂ ಗೊತ್ತಾಯಿತು. ಅವಳ ಭಯ ನೋಡಿ ಅವರಿಗೆ ದುಃಖವಾಯಿತು, ಅದರ ಹಿಂದೆಯೇ ಹೇಳಲಾಗದಷ್ಟು ಸಂತೋಷವಾಯಿತು. ಗಂಟಲು ಸರಿಮಾಡಿಕೊಂಡು, ಇಷ್ಟು ವರ್ಷ ಗಿರಾಕಿಗಳು ತಮ್ಮೆದುರು ನಿಲ್ಲುತ್ತಿದ್ದ ಹಾಗೆಯೇ ಸ್ವಲ್ಪ ನೆಟ್ಟಗೆ ಕೂತರು.

"ಹೌದಮ್ಮ, ಹದಿನೆಂಟೇ ಇರಬೇಕು" ಎಂದರು.